ಜೀರೋ-ಕಾಪಿ ಸೆಂಡ್‌ನಲ್ಲಿ ಇನೋಬಫ್ಸ್ ಬಂದಾಗ: ಮೆಮೊರಿ ಲಾಕ್ ಮಿತಿಯ ಲೆಕ್ಕ ಮತ್ತು ದೋಷ ನಿರ್ವಹಣೆಯ ಸಮಗ್ರ ಮಾರ್ಗದರ್ಶಿ

ಲಿನಕ್ಸ್‌ನಲ್ಲಿ ಸೆಂಡ್ ಕರೆಗೆ ಎಂಎಸ್‌ಜಿ_ಜೀರೋಕಾಪಿ ಫ್ಲಾಗ್ ಸೇರಿಸಿದರೆ ಕರ್ನಲ್ ನಿಮ್ಮ ಬಫರ್ ಅನ್ನು ನಕಲು ಮಾಡಿಕೊಳ್ಳುವುದಿಲ್ಲ. ಆ ಬಫರ್ ಇರುವ ಪೇಜ್‌ಗಳನ್ನೇ (ಮೆಮೊರಿಯ ನಿಗದಿತ ಗಾತ್ರದ ತುಂಡುಗಳು) ಹಿಡಿದಿಟ್ಟುಕೊಂಡು ನೇರವಾಗಿ ನೆಟ್‌ವರ್ಕ್ ಕಾರ್ಡ್‌ಗೆ ಕೊಡುತ್ತದೆ. ಟಿಸಿಪಿಗೆ ಈ ಸೌಲಭ್ಯ ಬಂದದ್ದು 2017ರ 4.14 ಕರ್ನಲ್‌ನಲ್ಲಿ, ಯುಡಿಪಿಗೆ 2019ರ 5.0ರಲ್ಲಿ. ದೊಡ್ಡ ಬರಹಗಳಲ್ಲಿ, ಅಂದರೆ ಒಂದೇ ಸೆಂಡ್‌ನಲ್ಲಿ ಹೆಚ್ಚು ದತ್ತಾಂಶ ಬರೆಯುವಾಗ, ಸಿಪಿಯು ಉಳಿತಾಯ ಕಣ್ಣಿಗೆ ಕಾಣುವಷ್ಟಿರುತ್ತದೆ. ಆದರೆ ಪ್ರಯೋಗಾಲಯದಲ್ಲಿ ಚೆನ್ನಾಗಿ ಓಡಿದ ಪ್ರೋಗ್ರಾಂ ನಿಜವಾದ ಹೊರೆ ಬಿದ್ದ ದಿನ ದೋಷ ಸಂಖ್ಯೆ 105, ಅಂದರೆ ಇನೋಬಫ್ಸ್ ಕೊಟ್ಟು ನಿಲ್ಲುವುದು ಈ ದಾರಿಯ ಅತಿ ಸಾಮಾನ್ಯ ತೊಂದರೆ. 'ನೋ ಬಫರ್ ಸ್ಪೇಸ್ ಅವೈಲಬಲ್' ಎಂಬ ಸಂದೇಶ ನೋಡಿ ಜನ ಸೆಂಡ್ ಬಫರ್ ದೊಡ್ಡದು ಮಾಡುತ್ತಾರೆ. ಅದರಿಂದ ಏನೂ ಆಗುವುದಿಲ್ಲ, ಏಕೆಂದರೆ ತುಂಬಿರುವುದು ಸೆಂಡ್ ಬಫರ್ ಅಲ್ಲ.

ಇನೋಬಫ್ಸ್‌ನ ಹಿಂದೆ ಎರಡು ಬೇರೆ ಬೇರೆ ಮಿತಿಗಳಿವೆ. ಎರಡೂ ತುಂಬುವ ರೀತಿ ಬೇರೆ, ಖಾಲಿಯಾಗುವ ರೀತಿಯೂ ಬೇರೆ. ಅದನ್ನು ಬಿಡಿಸಿಕೊಂಡರೆ ಉಳಿದ ಕೆಲಸ ಸುಲಭ.

ಮೊದಲ ಹಂತ: ಸೌಲಭ್ಯವನ್ನು ಸರಿಯಾಗಿ ಚಾಲೂ ಮಾಡುವುದು

ಸೆಂಡ್‌ನಲ್ಲಿ ಫ್ಲಾಗ್ ಕೊಟ್ಟರಷ್ಟೇ ಸಾಲದು. ಅದಕ್ಕೂ ಮುಂಚೆ ಸೆಟ್‌ಸಾಕ್‌ಆಪ್ಟ್ ಮೂಲಕ ಎಸ್‌ಓ_ಜೀರೋಕಾಪಿ ಆಯ್ಕೆಗೆ 1 ಕೊಡಬೇಕು. ಕೊಡದಿದ್ದರೆ ಕರ್ನಲ್ ಫ್ಲಾಗ್ ಅನ್ನು ಸದ್ದಿಲ್ಲದೆ ಕಡೆಗಣಿಸಿ ಎಂದಿನಂತೆ ನಕಲು ಮಾಡುತ್ತದೆ. ದೋಷವೂ ಇಲ್ಲ, 'ಸೆಂಡ್ ಮುಗಿಯಿತು, ಬಫರ್ ಮರುಬಳಸಬಹುದು' ಎಂದು ಕರ್ನಲ್ ಕೊಡುವ ಸೂಚನೆಯೂ ಇಲ್ಲ. ಬಾರದ ಸೂಚನೆಗಾಗಿ ಕಾಯುವ ಪ್ರೋಗ್ರಾಂ ಅಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಸೆಟ್‌ಸಾಕ್‌ಆಪ್ಟ್ ಮರಳಿಸಿದ ಬೆಲೆಯನ್ನು ಪರೀಕ್ಷಿಸಿ, ಯಶಸ್ಸಾದ ಸಾಕೆಟ್‌ಗಳಿಗೆ ಮಾತ್ರ 'ಜೀರೋ-ಕಾಪಿ ಇದೆ' ಎಂದು ಗುರುತು ಹಾಕಿಕೊಳ್ಳಿ.

ಸರ್ವರ್‌ಗಳಲ್ಲಿ ಈ ಆಯ್ಕೆಯನ್ನು ಲಿಸನ್ ಮಾಡುವ ಸಾಕೆಟ್ ಮೇಲೆಯೇ ಹಾಕಿ. ಆಕ್ಸೆಪ್ಟ್ ಮಾಡಿದ ಸಾಕೆಟ್‌ಗಳಿಗೆ ಅದು ತಾನಾಗಿ ಬರುತ್ತದೆ. ಆಕ್ಸೆಪ್ಟ್ ಆದಮೇಲೆ ಹಾಕಹೊರಟರೆ ಕೆಲವು ಹಳೆಯ ಕರ್ನಲ್‌ಗಳು ಇಬಿಸಿ (ಸಾಕೆಟ್ ಬಳಕೆಯಲ್ಲಿದೆ ಎಂಬ) ದೋಷ ಕೊಡುತ್ತವೆ.

ಒಂದೇ ಸಾಕೆಟ್‌ನಲ್ಲಿ ಫ್ಲಾಗ್ ಇರುವ ಮತ್ತು ಇಲ್ಲದ ಸೆಂಡ್‌ಗಳನ್ನು ಬೆರೆಸಬಹುದು, ದತ್ತಾಂಶದ ಅನುಕ್ರಮ ಕೆಡುವುದಿಲ್ಲ. ಇಡೀ ದೋಷ ನಿರ್ವಹಣೆ ನಿಂತಿರುವುದೇ ಈ ಗುಣದ ಮೇಲೆ. ಸುಮಾರು 10 ಕೆಬಿಗಿಂತ ಚಿಕ್ಕ ಬರಹಗಳಿಗೆ ಫ್ಲಾಗ್ ಹಾಕಲೇಬೇಡಿ. ಪೇಜ್ ಹಿಡಿಯುವ, ಲೆಕ್ಕವಿಡುವ, ಸೂಚನೆ ಓದುವ ಖರ್ಚು ನಕಲು ಮಾಡುವ ಖರ್ಚನ್ನೇ ಮೀರುತ್ತದೆ. ಎಚ್‌ಟಿಟಿಪಿ ಹೆಡರ್‌ಗೆ ಸಾದಾ ಸೆಂಡ್, ಅದರ ಹಿಂದೆ ಬರುವ ದೊಡ್ಡ ಭಾಗಕ್ಕೆ ಜೀರೋ-ಕಾಪಿ ಎಂದು ಹಂಚಿಕೊಳ್ಳುವುದೇ ಸರಿ.

ಕರ್ನಲ್ ಟಿಎಲ್‌ಎಸ್ (ಕರ್ನಲ್ ಒಳಗೇ ನಡೆಯುವ ಗೂಢಲಿಪೀಕರಣ) ಚಾಲೂ ಇರುವ ಸಾಕೆಟ್‌ಗೆ ಈ ಫ್ಲಾಗ್ ನಡೆಯುವುದಿಲ್ಲ. ದೋಷ 95, ಅಂದರೆ 'ಈ ಕಾರ್ಯಕ್ಕೆ ಬೆಂಬಲವಿಲ್ಲ', ಬರುತ್ತದೆ.

ಎರಡನೇ ಹಂತ: ಎರಡು ಮಿತಿಗಳನ್ನು ಬೇರ್ಪಡಿಸಿ ನೋಡುವುದು

ಮೊದಲನೆಯದು ಲಾಕ್ ಆದ ಮೆಮೊರಿಯ ಮಿತಿ, ಆರ್‌ಲಿಮಿಟ್_ಮೆಮ್‌ಲಾಕ್. ಶೆಲ್‌ನಲ್ಲಿ 'ಯೂಲಿಮಿಟ್ -ಎಲ್' ಕೊಟ್ಟರೆ ಕೆಬಿ ಲೆಕ್ಕದಲ್ಲಿ ಕಾಣುವುದು ಇದೇ. ಬಹುಕಾಲ ಇದರ ಡೀಫಾಲ್ಟ್ ಬರೀ 64 ಕೆಬಿ ಇತ್ತು, 5.16 ಕರ್ನಲ್‌ನಲ್ಲಿ 8 ಎಂಬಿಗೆ ಏರಿತು. ಡಿಸ್ಟ್ರೋ ಅಥವಾ ಸಿಸ್ಟಮ್‌ಡಿ ಬೇರೆ ಬೆಲೆ ಹಾಕಿರಬಹುದು, ಆದ್ದರಿಂದ ಊಹಿಸದೆ ನೋಡಿಯೇ ತಿಳಿದುಕೊಳ್ಳಿ.

ಪ್ರತಿ ಜೀರೋ-ಕಾಪಿ ಸೆಂಡ್‌ಗೂ ಕರ್ನಲ್ ಹಾಕುವ ಲೆಕ್ಕ ಸರಳ: ಕಳುಹಿಸಬೇಕಾದ ಬೈಟ್‌ಗಳನ್ನು ಪೇಜ್ ಗಾತ್ರದಿಂದ ಭಾಗಿಸಿ, ಶೇಷ ಬಿಟ್ಟು, 2 ಕೂಡಿಸುತ್ತದೆ. ಬಫರ್ ಪೇಜ್ ಗಡಿಗೆ ಹೊಂದಿರದಿದ್ದರೆ ಎರಡೂ ತುದಿಯಲ್ಲಿ ಅರೆಪೇಜ್‌ಗಳು ಬರಬಹುದಲ್ಲ, ಆ 2 ಅದಕ್ಕಾಗಿ. ನಿಮ್ಮ ಬಫರ್ ಗಡಿಗೆ ಸರಿಯಾಗಿ ಕೂತಿದ್ದರೂ ಈ 2 ತಪ್ಪುವುದಿಲ್ಲ. 4 ಕೆಬಿ ಪೇಜ್‌ನ ಯಂತ್ರದಲ್ಲಿ 64 ಕೆಬಿ ಸೆಂಡ್‌ಗೆ 18 ಪೇಜ್, 16 ಕೆಬಿಗೆ 6 ಪೇಜ್. ಬರೀ 4 ಕೆಬಿ ಸೆಂಡ್‌ಗೂ 3 ಪೇಜ್, ಅಂದರೆ ಕಳುಹಿಸಿದ್ದರ ಮೂರು ಪಟ್ಟು. ಚಿಕ್ಕ ಬರಹಗಳನ್ನು ದೂರವಿಡಲು ಇದು ಇನ್ನೊಂದು ಕಾರಣ.

ಮಿತಿ 64 ಕೆಬಿ ಇದ್ದರೆ ಒಟ್ಟು 16 ಪೇಜ್ ಮಾತ್ರ. ಒಂದು 64 ಕೆಬಿ ಸೆಂಡ್ ಕೂಡ ಎಂದಿಗೂ ಯಶಸ್ವಿಯಾಗದು. 8 ಎಂಬಿ ಇದ್ದರೆ 2048 ಪೇಜ್; ಸರಿಯಾಗಿ 8 ಎಂಬಿಯ ಬಫರ್ ಅನ್ನು ಒಂದೇ ಕರೆಯಲ್ಲಿ ಕೊಟ್ಟರೆ 2050 ಪೇಜ್ ಬೇಕಾಗುತ್ತದೆ, ಅದೂ ಎಂದಿಗೂ ಯಶಸ್ವಿಯಾಗದು. ಇಲ್ಲಿ 'ಎಂದಿಗೂ' ಎಂಬುದನ್ನು ಗಮನಿಸಿ. ಇನೋಬಫ್ಸ್ ಬಂದಾಗಲೆಲ್ಲ ಅದೇ ಗಾತ್ರದಲ್ಲಿ ಮರುಪ್ರಯತ್ನಿಸುವ ಲೂಪ್ ಬರೆದಿದ್ದರೆ ಅದು ಸಿಪಿಯು ತಿನ್ನುತ್ತಾ ಸುತ್ತುತ್ತಲೇ ಇರುತ್ತದೆ. ಕೆಲವು ಆರ್ಮ್ ಸರ್ವರ್‌ಗಳ ಕರ್ನಲ್‌ಗಳಲ್ಲಿ ಪೇಜ್ ಗಾತ್ರವೇ 64 ಕೆಬಿ. ಅಲ್ಲಿ ಹಳೆಯ 64 ಕೆಬಿ ಮಿತಿ ಎಂದರೆ ಒಂದೇ ಪೇಜ್, ಒಂದು ಬೈಟ್ ಕಳುಹಿಸಲೂ 2 ಪೇಜ್ ಬೇಕು.

ಈ ಲೆಕ್ಕದ ಇನ್ನೂ ಮೂರು ಗುಣಗಳು ಜನರನ್ನು ದಾರಿ ತಪ್ಪಿಸುತ್ತವೆ.

ಮಿತಿ ಪ್ರತಿ ಪ್ರೋಸೆಸ್‌ಗೆ ಸೇರಿದ್ದು, ಬಳಕೆಯ ಎಣಿಕೆ ಮಾತ್ರ ಬಳಕೆದಾರನಿಗೆ, ಅಂದರೆ ಯುಐಡಿಗೆ ಸೇರಿದ್ದು. ಒಂದೇ ಯುಐಡಿಯಲ್ಲಿ ಎರಡು ಸೇವೆಗಳಿವೆ ಎನ್ನಿ. ಮೊದಲನೆಯದರ ಮಿತಿ 512 ಎಂಬಿ, ಅದು 300 ಎಂಬಿ ಹಿಡಿದಿದೆ. ಎರಡನೆಯದರ ಮಿತಿ 8 ಎಂಬಿ. ಎರಡನೆಯದು ಒಂದು ಬೈಟ್ ಕೂಡ ಹಿಡಿದಿರದಿದ್ದರೂ ಅದರ ಎಲ್ಲ ಜೀರೋ-ಕಾಪಿ ಸೆಂಡ್‌ಗಳೂ ಸೋಲುತ್ತವೆ. ಯೂಸರ್ ನೇಮ್‌ಸ್ಪೇಸ್ (ಕಂಟೇನರ್‌ಗೆ ಪ್ರತ್ಯೇಕ ಯುಐಡಿಗಳ ಲೆಕ್ಕ) ಇಲ್ಲದ ಕಂಟೇನರ್‌ಗಳಲ್ಲಿಯೂ ಹೀಗೆಯೇ: ಎರಡು ಕಂಟೇನರ್ ಒಳಗೆ ಒಂದೇ ಯುಐಡಿ ಇದ್ದರೆ ಹೋಸ್ಟ್‌ನ ಲೆಕ್ಕದಲ್ಲಿ ಇಬ್ಬರೂ ಒಬ್ಬರೇ. ಐಓ-ಯೂರಿಂಗ್‌ನಲ್ಲಿ (ಕರ್ನಲ್‌ಗೆ ಕೆಲಸಗಳನ್ನು ಸರದಿಯಲ್ಲಿ ಒಪ್ಪಿಸುವ ವ್ಯವಸ್ಥೆ) ನೋಂದಾಯಿಸಿದ ಬಫರ್‌ಗಳು ಮತ್ತು ಎಎಫ್-ಎಕ್ಸ್‌ಡಿಪಿ ಎಂಬ ವೇಗದ ಪ್ಯಾಕೆಟ್ ಸಾಕೆಟ್‌ನ ಯುಮೆಮ್ ಬಫರ್ ಕೂಡ ಇದೇ ಎಣಿಕೆಯಿಂದಲೇ ತೆಗೆದುಕೊಳ್ಳುತ್ತವೆ. ಆದರೆ ಎಂಲಾಕ್ ಕರೆಯಿಂದ ಲಾಕ್ ಮಾಡಿದ ಮೆಮೊರಿಯ ಲೆಕ್ಕ ಬೇರೆ ಕಡೆ ಇದೆ. ಪ್ರೋಕ್ ಫೈಲ್‌ಸಿಸ್ಟಮ್‌ನ ಸ್ಟೇಟಸ್‌ನಲ್ಲಿ ವಿಎಂಲಾಕ್ ಸೊನ್ನೆ ಇದೆಯಲ್ಲ ಎಂದು ನೆಮ್ಮದಿಪಡಬೇಡಿ, ಜೀರೋ-ಕಾಪಿ ಹಿಡಿದ ಪೇಜ್‌ಗಳು ಅಲ್ಲಿ ಕಾಣುವುದೇ ಇಲ್ಲ.

ಎರಡನೆಯದಾಗಿ, ಲೆಕ್ಕ ಬೀಳುವುದು ನೀವು ಕೊಟ್ಟ ಪೂರ್ತಿ ಉದ್ದಕ್ಕೆ. ಸಾಕೆಟ್ ಒಪ್ಪಿಕೊಂಡ ಭಾಗಕ್ಕಲ್ಲ. ನಾನ್‌ಬ್ಲಾಕಿಂಗ್ ಸಾಕೆಟ್‌ಗೆ 1 ಎಂಬಿ ಕೊಟ್ಟು ಅದು 300 ಕೆಬಿ ಮಾತ್ರ ಒಪ್ಪಿಕೊಂಡರೂ 258 ಪೇಜ್‌ಗಳ ಲೆಕ್ಕ ಬೀಳುತ್ತದೆ. ಉಳಿದ 724 ಕೆಬಿಗೆ ಮತ್ತೆ ಕರೆ ಮಾಡಿದರೆ ಇನ್ನೂ 183. ಒಂದು ಎಂಬಿ ದತ್ತಾಂಶಕ್ಕೆ ಸುಮಾರು 1.7 ಎಂಬಿ ಮಿತಿ ಖರ್ಚಾಯಿತು. ಆದ್ದರಿಂದ ಒಂದು ಕರೆಗೆ 128ರಿಂದ 256 ಕೆಬಿವರೆಗೆ ತುಂಡು ಮಾಡಿ ಕೊಡುವುದು ಒಳ್ಳೆಯದು. ಇದಕ್ಕಿಂತ ದೊಡ್ಡ ತುಂಡಿನಿಂದ ಆಗುವ ಲಾಭ ಕಡಿಮೆ.

ಮೂರನೆಯದಾಗಿ, ಬ್ಲಾಕಿಂಗ್ ಸಾಕೆಟ್ ಆದರೂ ಸೆಂಡ್ ಈ ಮಿತಿಗಾಗಿ ಕಾಯುವುದಿಲ್ಲ. ಜಾಗವಿಲ್ಲ ಎಂದಾದ ತಕ್ಷಣ 105 ಕೊಟ್ಟು ಮರಳುತ್ತದೆ. ಸಂಪರ್ಕಕ್ಕೆ ಏನೂ ಆಗಿರುವುದಿಲ್ಲ, ಒಂದು ಬೈಟ್ ಕೂಡ ಹೊರಗೆ ಹೋಗಿರುವುದಿಲ್ಲ.

ಇನ್ನೊಂದು ಮಿತಿ ನೆಟ್.ಕೋರ್.ಆಪ್ಟ್‌ಮೆಮ್_ಮ್ಯಾಕ್ಸ್. ಇದು ಪ್ರತಿ ಸಾಕೆಟ್‌ಗೆ ಬೇರೆ. ಮುಗಿದ ಸೆಂಡ್‌ಗಳ ಬಗ್ಗೆ ನಿಮಗೆ ತಿಳಿಸಲು ಕರ್ನಲ್ ಮೊದಲೇ ಒಂದು ಚಿಕ್ಕ ದಾಖಲೆಯನ್ನು ತೆಗೆದಿಡುತ್ತದೆ, ಅದರ ಖರ್ಚು ಈ ಖಾತೆಯಿಂದ. 64 ಬಿಟ್ ಯಂತ್ರಗಳಲ್ಲಿ ಡೀಫಾಲ್ಟ್ 20480 ಬೈಟ್ ಇತ್ತು, 6.8 ಕರ್ನಲ್‌ನಿಂದ 131072. ಹಳೆಯ ಬೆಲೆಯಲ್ಲಿ ಒಂದು ಸಾಕೆಟ್‌ಗೆ ಕೆಲವೇ ಹತ್ತಾರು ದಾಖಲೆಗಳಿಗೆ ಜಾಗ. ಟಿಸಿಪಿಯಲ್ಲಿ ಒಂದರ ಹಿಂದೊಂದು ಬರುವ ಸೆಂಡ್‌ಗಳು 512 ಕೆಬಿವರೆಗೆ ಒಂದೇ ದಾಖಲೆಯಲ್ಲಿ ಸೇರಬಹುದು, ಆದ್ದರಿಂದ ಎಷ್ಟು ಸೆಂಡ್ ಆದಮೇಲೆ ತುಂಬುತ್ತದೆ ಎಂದು ನಿಖರವಾಗಿ ಹೇಳಲು ಬರುವುದಿಲ್ಲ.

ಮುಖ್ಯ ವ್ಯತ್ಯಾಸ ಬಿಡುಗಡೆಯಲ್ಲಿದೆ. ಮೆಮ್‌ಲಾಕ್ ಲೆಕ್ಕ ಇಳಿಯುವುದು ಎದುರು ಬದಿಯ ಅಕ್ (ದತ್ತಾಂಶ ತಲುಪಿತು ಎಂಬ ಟಿಸಿಪಿ ಉತ್ತರ) ಬಂದು ಕರ್ನಲ್ ಪೇಜ್‌ಗಳನ್ನು ಬಿಟ್ಟಾಗ. ನೀವು ಸೂಚನೆ ಓದಿದಿರೋ ಇಲ್ಲವೋ ಅದಕ್ಕೆ ಸಂಬಂಧವಿಲ್ಲ. ಆಪ್ಟ್‌ಮೆಮ್ ಹಾಗಲ್ಲ: ಸಾಕೆಟ್‌ನ ಎರರ್ ಕ್ಯೂನಲ್ಲಿ (ಕರ್ನಲ್ ಸೂಚನೆಗಳನ್ನು ಇಡುವ ಸಾಲು) ಕೂತ ಸೂಚನೆಯನ್ನು ನೀವು ಓದುವವರೆಗೂ ಅದರ ಲೆಕ್ಕ ಹಾಗೆಯೇ ನಿಲ್ಲುತ್ತದೆ. ಒಂದಕ್ಕೆ ಮದ್ದು ಎದುರು ಬದಿಯ ಕೈಯಲ್ಲಿದೆ, ಇನ್ನೊಂದಕ್ಕೆ ನಿಮ್ಮ ಕೈಯಲ್ಲಿ.

ಮೂರನೇ ಹಂತ: ಎಷ್ಟು ಬೇಕು ಎಂದು ಲೆಕ್ಕ ಹಾಕುವುದು

ಸೂತ್ರ ಇಷ್ಟೇ: ಏಕಕಾಲದ ಸಂಪರ್ಕಗಳು × ಪ್ರತಿ ಸಂಪರ್ಕದಲ್ಲಿ ಅಕ್‌ಗಾಗಿ ಕಾಯುತ್ತಿರುವ ಸೆಂಡ್‌ಗಳು × (ತುಂಡಿನ ಪೇಜ್‌ಗಳು + 2) × ಪೇಜ್ ಗಾತ್ರ.

ಉದಾಹರಣೆಗೆ ವಿಡಿಯೋ ಹಂಚುವ ಸರ್ವರ್: 500 ಸಂಪರ್ಕ, ಪ್ರತಿಯೊಂದರಲ್ಲೂ 128 ಕೆಬಿಯ 4 ತುಂಡುಗಳು ದಾರಿಯಲ್ಲಿ. ತುಂಡಿಗೆ 34 ಪೇಜ್, ಒಟ್ಟು 68000 ಪೇಜ್, ಅಂದರೆ ಸುಮಾರು 266 ಎಂಬಿ. ಮೇಲೆ ಒಂದಿಷ್ಟು ಬಿಡುವು ಇಟ್ಟು 384 ಎಂಬಿ ಎಂದು ನಿಗದಿ ಮಾಡಿ.

ಸಂಪರ್ಕ ಒಂದೇ ಇದ್ದು ದೂರ ಹೆಚ್ಚಿದ್ದರೆ ವೇಗ ಮತ್ತು ಹೋಗಿಬರುವ ಸಮಯವನ್ನು ಗುಣಿಸಿ. 10 ಗಿಗಾಬಿಟ್ ವೇಗ, 20 ಮಿಲಿಸೆಕೆಂಡ್ ಎಂದರೆ 25 ಎಂಬಿ ಯಾವಾಗಲೂ ದಾರಿಯಲ್ಲಿರುತ್ತದೆ. 8 ಎಂಬಿ ಮಿತಿಯಲ್ಲೇ ಕೂತರೆ ಜೀರೋ-ಕಾಪಿಯಿಂದ 3.4 ಗಿಗಾಬಿಟ್ ಆಸುಪಾಸಿಗಿಂತ ಹೆಚ್ಚು ಹೋಗದು. ಟಿಸಿಪಿ_ಡಬ್ಲ್ಯುಮೆಮ್‌ನ ಮೂರನೇ ಬೆಲೆಯನ್ನೂ (ಸೆಂಡ್ ಬಫರ್‌ನ ಗರಿಷ್ಠ ಗಾತ್ರ) ನೋಡಿಕೊಳ್ಳಿ. ಅದು ಸಾಮಾನ್ಯವಾಗಿ 4 ಎಂಬಿ ಇರುತ್ತದೆ, ಸಾಕೆಟ್ ಅಲ್ಲಿಯೇ ನಿಲ್ಲುತ್ತಿದ್ದರೆ ಮೆಮ್‌ಲಾಕ್ ಏರಿಸಿ ಪ್ರಯೋಜನವಿಲ್ಲ.

ನಾಲ್ಕನೇ ಹಂತ: ಮಿತಿ ಏರಿಸುವುದು

ಸಿಸ್ಟಮ್‌ಡಿ ಸೇವೆಯಾದರೆ ಯೂನಿಟ್ ಫೈಲ್‌ನ ಸರ್ವಿಸ್ ವಿಭಾಗದಲ್ಲಿ ಲಿಮಿಟ್‌ಮೆಮ್‌ಲಾಕ್=384ಎಂ ಎಂದು ಹಾಕಿ, ಡೀಮನ್-ರೀಲೋಡ್ ಮಾಡಿ, ಸೇವೆಯನ್ನು ರೀಸ್ಟಾರ್ಟ್ ಮಾಡಿ. ಇಲ್ಲಿ ಬಹಳ ಜನ ಎಡವುತ್ತಾರೆ: ಇಟಿಸಿ ಡೈರೆಕ್ಟರಿಯ ಸೆಕ್ಯುರಿಟಿ ಫೋಲ್ಡರ್‌ನಲ್ಲಿರುವ ಲಿಮಿಟ್ಸ್.ಕಾನ್ಫ್ ಫೈಲ್ ಲಾಗಿನ್ ಆದವರಿಗೆ ಮಾತ್ರ, ಸಿಸ್ಟಮ್‌ಡಿ ಎಬ್ಬಿಸುವ ಸೇವೆಗಳು ಅದನ್ನು ನೋಡುವುದಿಲ್ಲ. ಕೈಯಿಂದ ಓಡಿಸಿದಾಗ ಸರಿ, ಸೇವೆಯಾಗಿ ಓಡಿಸಿದಾಗ ಇನೋಬಫ್ಸ್ ಎಂದಾದರೆ ಮೊದಲು ಸಂಶಯಿಸಬೇಕಾದದ್ದು ಇದನ್ನೇ. ಆ ಫೈಲ್‌ನಲ್ಲಿ ಮೆಮ್‌ಲಾಕ್ ಬೆಲೆ ಕೆಬಿಯಲ್ಲಿ ಬರೆಯಬೇಕು, ಅಂದರೆ 393216.

ಡಾಕರ್‌ನಲ್ಲಿ 'ಯೂಲಿಮಿಟ್' ಆಯ್ಕೆಗೆ ಮೆಮ್‌ಲಾಕ್=402653184:402653184 ಎಂದು ಕೊಡಿ; ಅಲ್ಲಿ ಲೆಕ್ಕ ಬೈಟ್‌ಗಳಲ್ಲಿ. ಮೂರು ಕಡೆ ಮೂರು ಮಾನ ಇರುವುದರಿಂದ ಹಾಕಿದ ಮೇಲೆ ಪರೀಕ್ಷಿಸದೆ ಬಿಡಬೇಡಿ. ಕುಬರ್ನೆಟಿಸ್‌ನ ಪಾಡ್ ವಿವರಣೆಯಲ್ಲಿ ಇದಕ್ಕೆ ಜಾಗವಿಲ್ಲ. ನೋಡ್‌ನ ಕಂಟೇನರ್ ರನ್‌ಟೈಮ್‌ನ ಡೀಫಾಲ್ಟ್ ಅನ್ನೇ ಬದಲಿಸಬೇಕಾಗುತ್ತದೆ.

ಓಡುತ್ತಿರುವ ಪ್ರೋಸೆಸ್‌ನ ಮಿತಿಯನ್ನು 'ಪಿಆರ್‌ಲಿಮಿಟ್' ಆಜ್ಞೆಯಿಂದ ಪಿಐಡಿ ಕೊಟ್ಟು ಬದಲಿಸಬಹುದು, ಮುಂದಿನ ಸೆಂಡ್‌ನಿಂದಲೇ ಅದು ಜಾರಿಗೆ ಬರುತ್ತದೆ. ನಿಜಕ್ಕೂ ಏನು ಜಾರಿಯಲ್ಲಿದೆ ಎಂಬುದು ಪ್ರೋಕ್‌ನಲ್ಲಿ ಆ ಪಿಐಡಿಯ ಲಿಮಿಟ್ಸ್ ಫೈಲ್‌ನ 'ಮ್ಯಾಕ್ಸ್ ಲಾಕ್ಡ್ ಮೆಮೊರಿ' ಸಾಲಿನಲ್ಲಿದೆ. ಪ್ರೋಗ್ರಾಂ ಶುರುವಾಗುವಾಗಲೇ ಗೆಟ್‌ಆರ್‌ಲಿಮಿಟ್ ಮಾಡಿ, ಸಾಫ್ಟ್ ಮಿತಿಯನ್ನು ಹಾರ್ಡ್ ಮಿತಿವರೆಗೆ ತಾನೇ ಏರಿಸಿಕೊಂಡು, ಸಿಕ್ಕ ಬೆಲೆಯನ್ನು ಲಾಗ್‌ನಲ್ಲಿ ಬರೆಯುವಂತೆ ಮಾಡಿ. ಮುಂದೊಂದು ದಿನ ತೊಂದರೆ ಹುಡುಕುವವರಿಗೆ ಆ ಒಂದು ಸಾಲಿನಿಂದ ದೊಡ್ಡ ಉಪಕಾರವಾಗುತ್ತದೆ.

ಕ್ಯಾಪ್_ಐಪಿಸಿ_ಲಾಕ್ ಅಧಿಕಾರವಿದ್ದರೆ ಅಥವಾ ಮಿತಿಯನ್ನು ಅನ್‌ಲಿಮಿಟೆಡ್ ಮಾಡಿದರೆ ಕರ್ನಲ್ ಈ ಲೆಕ್ಕವನ್ನೇ ಬಿಟ್ಟುಬಿಡುತ್ತದೆ. ಸುಲಭವೆನಿಸಿದರೂ ಅಂತರ್ಜಾಲಕ್ಕೆ ತೆರೆದ ಸರ್ವರ್‌ಗೆ ಹಾಗೆ ಮಾಡಬೇಡಿ. ಓದದೆ ಸುಮ್ಮನೆ ಕೂರುವ ಸಾವಿರ ಕ್ಲೈಂಟ್‌ಗಳು ಬಂದರೆ ಯಂತ್ರದ ಮೆಮೊರಿಯನ್ನು ಹಿಡಿದಿಡಲು ಅವರಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಯೂಸರ್ ನೇಮ್‌ಸ್ಪೇಸ್ ಒಳಗಿನ ರೂಟ್‌ಗೆ ಈ ವಿನಾಯಿತಿ ಸಿಗದು. ಅಧಿಕಾರ ಹೋಸ್ಟ್‌ನದ್ದೇ ಆಗಿರಬೇಕು.

ಆಪ್ಟ್‌ಮೆಮ್‌ಗೆ ಸಿಸ್‌ಸಿಟಿಎಲ್ ಮೂಲಕ 131072 ಹಾಕಿ, ಸಿಸ್‌ಸಿಟಿಎಲ್.ಡಿ ಫೋಲ್ಡರ್‌ನಲ್ಲಿ ಶಾಶ್ವತ ಮಾಡಿ. ಹಳೆಯ ಕರ್ನಲ್‌ಗಳಲ್ಲಿ ಇದೊಂದರಿಂದಲೇ ಅರ್ಧ ತೊಂದರೆ ಕಡಿಮೆಯಾಗುವುದುಂಟು.

ಐದನೇ ಹಂತ: ಸೂಚನೆಗಳನ್ನು ಓದುವುದು

ಯಶಸ್ವಿಯಾದ ಪ್ರತಿ ಜೀರೋ-ಕಾಪಿ ಸೆಂಡ್‌ಗೂ ಸಾಕೆಟ್ ಒಂದು ಸಂಖ್ಯೆ ಕೊಡುತ್ತದೆ. 0ಯಿಂದ ಶುರು, 32 ಬಿಟ್ ತುಂಬಿದ ಮೇಲೆ ಮತ್ತೆ 0. ಈ ಸಂಖ್ಯೆ ಸೆಂಡ್‌ನಿಂದ ನಿಮಗೆ ಮರಳಿ ಬರುವುದಿಲ್ಲ, ನೀವೇ ಸಮಾನಾಂತರವಾಗಿ ಎಣಿಸಿಕೊಳ್ಳಬೇಕು. ಸೋತ ಸೆಂಡ್‌ಗೆ, ಸೊನ್ನೆ ಉದ್ದದ ಸೆಂಡ್‌ಗೆ, ಫ್ಲಾಗ್ ಇಲ್ಲದ ಸೆಂಡ್‌ಗೆ ಸಂಖ್ಯೆ ಇಲ್ಲ. ಅಲ್ಪಭಾಗ ಮಾತ್ರ ಹೋದ ಸೆಂಡ್‌ಗೆ ಒಂದು ಸಂಖ್ಯೆ ಇದೆ. ಇನೋಬಫ್ಸ್ ಬಂದಾಗಲೂ ಎಣಿಕೆ ಏರಿಸಿಬಿಟ್ಟರೆ ಅಂದಿನಿಂದ ಎಲ್ಲ ಬಫರ್‌ಗಳೂ ಒಂದು ಹೆಜ್ಜೆ ತಪ್ಪಿ ಬಿಡುಗಡೆಯಾಗುತ್ತವೆ, ಇನ್ನೂ ದಾರಿಯಲ್ಲಿರುವ ಬಫರ್ ಮೇಲೆ ಹೊಸ ದತ್ತಾಂಶ ಬೀಳುತ್ತದೆ. ಎದುರು ಬದಿಗೆ ಕೆಟ್ಟ ದತ್ತಾಂಶ ತಲುಪುತ್ತದೆ. ಟಿಸಿಪಿ ಚೆಕ್‌ಸಮ್ ಅದನ್ನು ಹಿಡಿಯುವ ಭರವಸೆ ಇಲ್ಲ, ಏಕೆಂದರೆ ಚೆಕ್‌ಸಮ್ ಅನ್ನು ಸಾಮಾನ್ಯವಾಗಿ ಕಾರ್ಡ್ ಕಳುಹಿಸುವ ಕ್ಷಣದಲ್ಲಿಯೇ ಹಾಕುತ್ತದೆ. ಈ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ, ಹೀಗೆ ಕೆಟ್ಟದ್ದನ್ನು ಹುಡುಕುವುದು ಬಹಳ ಕಷ್ಟ.

ಸೂಚನೆ ಬಂದಾಗ ಸಾಕೆಟ್ ಮೇಲೆ ಪೋಲ್‌ಎರ್, ಅಂದರೆ ಪೋಲ್ ಕರೆ ತಿಳಿಸುವ ದೋಷದ ಗುರುತು, ಏಳುತ್ತದೆ. ಅದನ್ನು ಕೇಳಿಕೊಳ್ಳುವ ಅಗತ್ಯವಿಲ್ಲ, ಯಾವಾಗಲೂ ಬರುತ್ತದೆ. ಅನೇಕ ಈವೆಂಟ್ ಲೂಪ್‌ಗಳು ಪೋಲ್‌ಎರ್ ಎಂದರೆ ಸಂಪರ್ಕ ಸತ್ತಿತು ಎಂದು ತಿಳಿದು ಮುಚ್ಚಿಬಿಡುತ್ತವೆ. ನಿಮ್ಮ ಲೈಬ್ರರಿ ಏನು ಮಾಡುತ್ತದೆ ಎಂದು ಮೊದಲು ನೋಡಿ. ಸರಿಯಾದ ಕ್ರಮ: ಮೊದಲು ಎರರ್ ಕ್ಯೂ ಬರಿದು ಮಾಡಿ, ಆಮೇಲೆ ಎಸ್‌ಓ_ಎರರ್ ಕೇಳಿ, ಅದು ಸೊನ್ನೆಯಲ್ಲದಿದ್ದರೆ ಮಾತ್ರ ನಿಜವಾದ ದೋಷ.

ಓದಲು ರೆಕ್ವ್‌ಎಂಎಸ್‌ಜಿಗೆ ಎಂಎಸ್‌ಜಿ_ಎರ್‌ಕ್ಯೂ ಫ್ಲಾಗ್ ಕೊಡಿ. ಈ ಓದು ಎಂದೂ ಕಾಯುವುದಿಲ್ಲ, ಖಾಲಿಯಿದ್ದರೆ ಇಎಗೇನ್ ('ಈಗ ಆಗದು, ಆಮೇಲೆ ಪ್ರಯತ್ನಿಸಿ' ಎಂಬ ದೋಷ) ಬರುತ್ತದೆ. ಸೂಚನೆ ಸಿಕ್ಕಾಗ ಮರಳುವ ಬೆಲೆ 0. ಎದುರಿನವರು ಸಂಪರ್ಕ ಮುಚ್ಚಿದರೆಂದು ಅರ್ಥವಲ್ಲ. ಕಂಟ್ರೋಲ್ ಬಫರ್‌ಗೆ 100 ಬೈಟ್ ಇಟ್ಟರೆ ಐಪಿವಿ4, ಐಪಿವಿ6 ಎರಡಕ್ಕೂ ಸಾಕು. ಚಿಕ್ಕದಾದರೆ ಎಂಎಸ್‌ಜಿ_ಸಿಟ್ರಂಕ್ ಗುರುತು ಬಂದು ಆ ಸೂಚನೆ ಕಳೆದೇಹೋಗುತ್ತದೆ, ಮತ್ತೆ ಸಿಗುವುದಿಲ್ಲ.

ಸಿಕ್ಕ ರಚನೆಯಲ್ಲಿ ಇಇ_ಒರಿಜಿನ್ 5 ಇದೆಯೇ ನೋಡಿ. ಟೈಮ್‌ಸ್ಟ್ಯಾಂಪ್‌ಗಳೂ ಇದೇ ಕ್ಯೂನಲ್ಲಿ ಬರುವುದರಿಂದ ಇದನ್ನು ಬಿಡುವಂತಿಲ್ಲ. ಇಇ_ಎರ್‌ನೋ 0 ಇರಬೇಕು. ಇಇ_ಇನ್ಫೋದಿಂದ ಇಇ_ಡೇಟಾವರೆಗಿನ ಎಲ್ಲ ಸಂಖ್ಯೆಗಳು, ಎರಡೂ ತುದಿ ಸೇರಿ, ಮುಗಿದಿವೆ ಎಂದರ್ಥ. ಕರ್ನಲ್ ಅಕ್ಕಪಕ್ಕದ ಸೂಚನೆಗಳನ್ನು ಒಂದುಗೂಡಿಸುವುದರಿಂದ ಒಂದೇ ಓದಿನಲ್ಲಿ ನೂರಾರು ಸಂಖ್ಯೆಗಳು ಬರಬಹುದು. ಟಿಸಿಪಿಯಲ್ಲಿ ಸಾಮಾನ್ಯವಾಗಿ ಕ್ರಮದಲ್ಲೇ ಬರುತ್ತವೆ, ಆದರೆ ಮರುಕಳುಹಿಕೆ ಇದ್ದಾಗ ಅಥವಾ ಸಾಕೆಟ್ ಮುಚ್ಚುವಾಗ ಹಿಂದುಮುಂದಾಗಬಹುದು. 'ಇದಕ್ಕಿಂತ ಹಿಂದಿನವೆಲ್ಲ ಮುಗಿದವು' ಎಂದು ಭಾವಿಸದೆ, ಬಂದ ವ್ಯಾಪ್ತಿಯ ಸಂಖ್ಯೆಗಳಿಗೆ ಮಾತ್ರ ಗುರುತು ಹಾಕಿ.

ಒಂದು ಬಫರ್ ಹಲವು ಸೆಂಡ್‌ಗಳಲ್ಲಿ ಹೋಗಿರಬಹುದು. ಆದ್ದರಿಂದ ಪ್ರತಿ ಬಫರ್‌ಗೂ ಒಂದು ಎಣಿಕೆ ಇಟ್ಟು, ಅದರ ಮೇಲಿನ ಕೊನೆಯ ಸಂಖ್ಯೆ ಮುಗಿದಾಗ ಮಾತ್ರ ಮರುಬಳಕೆಗೆ ಬಿಡಿ. ಎಡ್ಜ್-ಟ್ರಿಗರ್ ಈಪೋಲ್ ಬಳಸುತ್ತಿದ್ದರೆ ಇಎಗೇನ್ ಬರುವವರೆಗೆ ಓದಲೇಬೇಕು. ಪ್ರತಿ ಸೆಂಡ್ ಆದಮೇಲೂ ಓದುವುದು ದುಬಾರಿ; ಹತ್ತಾರು ಸೆಂಡ್‌ಗೊಮ್ಮೆ ಅಥವಾ ಪೋಲ್‌ಎರ್ ಬಂದಾಗ ಓದಿದರೆ ಸಾಕು.

ಆರನೇ ಹಂತ: ಇನೋಬಫ್ಸ್ ಬಂದಾಗ ಏನು ಮಾಡಬೇಕು

ಜೀರೋ-ಕಾಪಿ ವೇಗಕ್ಕಾಗಿ ಇರುವ ಅನುಕೂಲ. ಅದು ಸಿಗದಿದ್ದಾಗ ಕೆಲಸ ನಿಲ್ಲಬಾರದು, ನಕಲು ಮಾಡಿಯಾದರೂ ಮುಂದುವರಿಯಬೇಕು. ಕ್ರಮ ಹೀಗಿರಲಿ.

1. ಎಣಿಕೆ ಏರಿಸಬೇಡಿ, ಸಂಪರ್ಕ ಮುಚ್ಚಬೇಡಿ. ಎರರ್ ಕ್ಯೂ ಅನ್ನು ಇಎಗೇನ್ ಬರುವವರೆಗೆ ಓದಿ.

2. ಒಂದಾದರೂ ಸೂಚನೆ ಸಿಕ್ಕಿದ್ದರೆ ಅದೇ ಸೆಂಡ್ ಅನ್ನು ಫ್ಲಾಗ್ ಸಮೇತ ಒಂದೇ ಒಂದು ಸಲ ಮತ್ತೆ ಮಾಡಿ. ತುಂಬಿದ್ದು ಆಪ್ಟ್‌ಮೆಮ್ ಆಗಿದ್ದರೆ ಇಲ್ಲಿಗೆ ಮುಗಿಯುತ್ತದೆ.

3. ಸೂಚನೆ ಸಿಗದಿದ್ದರೆ ಅಥವಾ ಮತ್ತೆ 105 ಬಂದರೆ, ಆ ತುಂಡನ್ನು ಫ್ಲಾಗ್ ಇಲ್ಲದೆ ಕಳುಹಿಸಿ. ಹೀಗೆ ಹೋದ ಭಾಗಕ್ಕೆ ಸಂಖ್ಯೆ ಇಲ್ಲ, ಸೆಂಡ್ ಮರಳಿದ ಕೂಡಲೇ ಬಫರ್ ನಿಮ್ಮದು. ಇಎಗೇನ್ ಬಂದರೆ ಎಂದಿನಂತೆ ಪೋಲ್‌ಔಟ್‌ಗಾಗಿ (ಮತ್ತೆ ಬರೆಯಬಹುದು ಎಂಬ ಗುರುತು) ಕಾಯಿರಿ.

4. ಆ ಸಾಕೆಟ್‌ನಲ್ಲಿ ಜೀರೋ-ಕಾಪಿಯನ್ನು ಸ್ವಲ್ಪ ಹೊತ್ತು, ಉದಾಹರಣೆಗೆ ಒಂದು ಸೆಕೆಂಡ್ ಅಥವಾ ಮುಂದಿನ ಸೂಚನೆ ಬರುವವರೆಗೆ ನಿಲ್ಲಿಸಿ. ಪ್ರತಿ ತುಂಡಿಗೂ ಸೋತು ಆಮೇಲೆ ನಕಲು ಮಾಡಿದರೆ ಎರಡೆರಡು ಸಿಸ್ಟಮ್ ಕಾಲ್‌ಗಳ ದಂಡ.

5. ಎಷ್ಟು ಸಲ ಹೀಗಾಯಿತು ಎಂಬ ಎಣಿಕೆಯನ್ನು ಮಾಪನಗಳಲ್ಲಿ ಹೊರಹಾಕಿ. ಪ್ರತಿ ಸಲವೂ ಲಾಗ್ ಬರೆದರೆ ಡಿಸ್ಕ್ ತುಂಬುತ್ತದೆ.

ಮೂರನೇ ಹೆಜ್ಜೆಯ ಬದಲು ಪೋಲ್‌ಎರ್‌ಗಾಗಿ ಕಾದು ಮತ್ತೆ ಜೀರೋ-ಕಾಪಿ ಪ್ರಯತ್ನಿಸೋಣ ಎಂಬ ಆಸೆ ಸಹಜ. ಅಪಾಯ ಇಲ್ಲಿದೆ: ಮೆಮ್‌ಲಾಕ್ ಎಣಿಕೆ ಬಳಕೆದಾರನದ್ದು, ಜಾಗ ಹಿಡಿದಿರುವುದು ಬೇರೆ ಸಾಕೆಟ್ ಅಥವಾ ಬೇರೆ ಪ್ರೋಸೆಸ್ ಆಗಿರಬಹುದು. ಆಗ ಈ ಸಾಕೆಟ್ ಮೇಲೆ ಸೂಚನೆ ಎಂದೂ ಬರುವುದಿಲ್ಲ, ಕಾಯುವಿಕೆ ಮುಗಿಯುವುದಿಲ್ಲ. ಕಾಯಲೇಬೇಕೆಂದಿದ್ದರೆ ಈ ಸಾಕೆಟ್‌ನಲ್ಲಿ ಬಾಕಿ ಸಂಖ್ಯೆ ಕನಿಷ್ಠ ಒಂದಿರುವಾಗ ಮಾತ್ರ, ಅದೂ ಸಮಯದ ಗಡಿ ಹಾಕಿ.

ಏಳನೇ ಹಂತ: ನಿಧಾನ ಮತ್ತು ಸತ್ತ ಸಂಪರ್ಕಗಳು

ಪೇಜ್ ಬಿಡುಗಡೆ ಅಕ್ ಮೇಲೆ ನಿಂತಿದೆ ಎಂದಮೇಲೆ, ಅಕ್ ಕೊಡದ ಎದುರಾಳಿ ನಿಮ್ಮ ಮಿತಿಯನ್ನು ಒತ್ತೆ ಇಟ್ಟುಕೊಂಡಂತೆಯೇ. ಕೇಬಲ್ ಕಿತ್ತುಹೋದ ಕ್ಲೈಂಟ್‌ಗೆ ಲಿನಕ್ಸ್ ಡೀಫಾಲ್ಟ್ ಆಗಿ ಸುಮಾರು 15 ನಿಮಿಷ ಮರುಕಳುಹಿಸುತ್ತಲೇ ಇರುತ್ತದೆ, ಅಷ್ಟೂ ಹೊತ್ತು ಪೇಜ್‌ಗಳು ಲೆಕ್ಕದಲ್ಲಿರುತ್ತವೆ. ವಿಂಡೋ (ತಾನು ಸ್ವೀಕರಿಸಬಲ್ಲ ದತ್ತಾಂಶದ ಮಿತಿ) ಸೊನ್ನೆ ಮಾಡಿ ಕೂತ ಕ್ಲೈಂಟ್ ಇನ್ನೂ ಹೆಚ್ಚು ಹೊತ್ತು ಹಿಡಿದಿಡಬಲ್ಲದು. ಟಿಸಿಪಿ_ಯೂಸರ್_ಟೈಮ್‌ಔಟ್ ಹಾಕಿ, ಬೆಲೆ ಮಿಲಿಸೆಕೆಂಡ್‌ನಲ್ಲಿ, 30000 ಎಂಬುದು ಹೆಚ್ಚಿನ ಸರ್ವರ್‌ಗಳಿಗೆ ಒಪ್ಪುವ ಆರಂಭ. ಜೊತೆಗೆ ಪ್ರತಿ ಸಂಪರ್ಕಕ್ಕೂ ಬಾಕಿ ಪೇಜ್‌ಗಳ ಸ್ವಂತ ಮಿತಿ ಇಟ್ಟು, ಅದು ತುಂಬಿದ ಸಂಪರ್ಕಕ್ಕೆ ನಕಲು ಮಾಡಿಯೇ ಕಳುಹಿಸಿ. ಹಾಗೆ ಮಾಡಿದರೆ ಒಬ್ಬ ನಿಧಾನ ಓದುಗ ಉಳಿದ 499 ಮಂದಿಯ ಪಾಲನ್ನು ತಿನ್ನುವುದಿಲ್ಲ.

ಮುಚ್ಚುವಾಗಲೂ ಎಚ್ಚರ. ಕ್ಲೋಸ್ ಮಾಡಿದ ಮೇಲೆ ಸೂಚನೆ ಓದಲು ದಾರಿಯಿಲ್ಲ, ಆದರೆ ಕರ್ನಲ್ ಆ ಪೇಜ್‌ಗಳಿಂದ ಇನ್ನೂ ಕಳುಹಿಸುತ್ತಿರಬಹುದು. ಆ ಬಫರ್ ಅನ್ನು ಮರುಬಳಸಿದರೆ ಬಾಲದ ದತ್ತಾಂಶ ಕೆಡುತ್ತದೆ. ಮೊದಲು ಬರೆಯುವ ಬದಿಯನ್ನು ಶಟ್‌ಡೌನ್ ಮಾಡಿ, ಬಾಕಿ ಸಂಖ್ಯೆಗಳೆಲ್ಲ ಮುಗಿಯುವವರೆಗೆ ಸಮಯದ ಗಡಿಯೊಳಗೆ ಕಾದು, ಆಮೇಲೆ ಕ್ಲೋಸ್ ಮಾಡಿ. ಗಡಿ ಮೀರಿದರೆ ಎಸ್‌ಓ_ಲಿಂಗರ್ ಸೊನ್ನೆ ಹಾಕಿ ಮುಚ್ಚಿ. ಸಂಪರ್ಕ ಮುರಿದು ಕ್ಯೂ ಖಾಲಿಯಾಗುತ್ತದೆ. ಪ್ರೋಸೆಸ್ ಸತ್ತರೂ ದಾರಿಯಲ್ಲಿರುವ ಪೇಜ್‌ಗಳ ಲೆಕ್ಕ ಬಳಕೆದಾರನ ಹೆಸರಿನಲ್ಲೇ ಇರುತ್ತದೆ. ರೀಸ್ಟಾರ್ಟ್ ಆದ ಕೂಡಲೇ ಕೆಲ ಹೊತ್ತು ಇನೋಬಫ್ಸ್ ಕಾಣುವುದಕ್ಕೆ ಇದೂ ಕಾರಣವಿರಬಹುದು.

ಎಂಟನೇ ಹಂತ: ಯಾವ ಮಿತಿ ತುಂಬಿತು ಎಂದು ಹುಡುಕುವುದು

'ಎಸ್‌ಎಸ್ -ಟಿಎಂ' ಕೊಟ್ಟು ಆ ಸಂಪರ್ಕದ ಎಸ್‌ಕೆಮೆಮ್ ಆವರಣದೊಳಗೆ 'ಓ' ಅಕ್ಷರದ ಮುಂದಿನ ಸಂಖ್ಯೆ ನೋಡಿ. ಅದು ಆಪ್ಟ್‌ಮೆಮ್_ಮ್ಯಾಕ್ಸ್ ಹತ್ತಿರವಿದ್ದರೆ ನೀವು ಸೂಚನೆಗಳನ್ನು ಸಕಾಲಕ್ಕೆ ಓದುತ್ತಿಲ್ಲ, ಅಥವಾ ಮಿತಿ ಚಿಕ್ಕದು. ತೀರ ಕಡಿಮೆಯಿದ್ದರೆ ಮೆಮ್‌ಲಾಕ್ ಕಡೆ ತಿರುಗಿ. ಇನ್ನೂ ಖಚಿತ ಬೇಕಿದ್ದರೆ ಬಿಪಿಎಫ್‌ಟ್ರೇಸ್ ಎಂಬ ಕರ್ನಲ್ ವೀಕ್ಷಣೆಯ ಸಾಧನದಲ್ಲಿ ಸಾಕ್_ಓಮ್ಯಾಲಕ್ ಫಂಕ್ಷನ್‌ನ ಮರಳುವಿಕೆಗೆ ಪ್ರೋಬ್ ಹಾಕಿ ಸೊನ್ನೆ ಬಂದದ್ದನ್ನು ಎಣಿಸಿ. ಸೊನ್ನೆ ಎಂದರೆ ಆಪ್ಟ್‌ಮೆಮ್ ಸೋಲು. ಪ್ರೋಗ್ರಾಂ 105 ಪಡೆಯುತ್ತಿದ್ದು ಇಲ್ಲಿ ಸೊನ್ನೆ ಬರುತ್ತಿಲ್ಲವಾದರೆ ಕಾರಣ ಮೆಮ್‌ಲಾಕ್.

ಸೂಚನೆಯಲ್ಲಿ ಇಇ_ಕೋಡ್ 1 ಬರುತ್ತಿದ್ದರೆ ಅದು ದೋಷವಲ್ಲ: ಕೊನೆಗೆ ನಕಲು ಮಾಡಲೇಬೇಕಾಯಿತು ಎಂದು ಕರ್ನಲ್ ಹೇಳುತ್ತಿದೆ. ಲೂಪ್‌ಬ್ಯಾಕ್‌ನಲ್ಲಿ, ಅದೇ ಯಂತ್ರದ ಇನ್ನೊಂದು ಸಾಕೆಟ್‌ಗೆ ಕಳುಹಿಸುವಾಗ, ಟಿಸಿಪಿಡಂಪ್ ಓಡುತ್ತಿರುವಾಗ, ಕಾರ್ಡ್‌ನಲ್ಲಿ ಸ್ಕ್ಯಾಟರ್-ಗ್ಯಾದರ್ (ಚದುರಿದ ಪೇಜ್‌ಗಳಿಂದ ನೇರ ಕಳುಹಿಸುವ ಸಾಮರ್ಥ್ಯ) ಇಲ್ಲದಿದ್ದಾಗ ಹೀಗಾಗುತ್ತದೆ. 'ಇತ್‌ಟೂಲ್ -ಕೆ' ಕೊಟ್ಟರೆ ಸ್ಕ್ಯಾಟರ್-ಗ್ಯಾದರ್ ಸ್ಥಿತಿ ತಿಳಿಯುತ್ತದೆ. ಸತತವಾಗಿ ಕೋಡ್ 1 ಬರುವ ಸಾಕೆಟ್‌ನಲ್ಲಿ ಫ್ಲಾಗ್ ನಿಲ್ಲಿಸಿಬಿಡಿ. ಲೆಕ್ಕದ ಖರ್ಚೂ ನಕಲಿನ ಖರ್ಚೂ ಎರಡೂ ಬೀಳುತ್ತಿವೆ. ಲೂಪ್‌ಬ್ಯಾಕ್ ಮೇಲೆ ಅಳೆದ ಸಂಖ್ಯೆಗಳಿಗೆ ಬೆಲೆ ಕೊಡಬೇಡಿ, ಎರಡು ಬೇರೆ ಯಂತ್ರಗಳ ನಡುವೆಯೇ ಅಳೆಯಿರಿ.

ಸೋಲನ್ನು ಬೇಕೆಂದೇ ಬರಿಸಿ ಪರೀಕ್ಷಿಸುವುದೂ ಸುಲಭ. ಶೆಲ್‌ನಲ್ಲಿ ಯೂಲಿಮಿಟ್ ಅನ್ನು 64ಕ್ಕೆ ಇಳಿಸಿ, ಸಾಮಾನ್ಯ ಬಳಕೆದಾರನಾಗಿ ಪ್ರೋಗ್ರಾಂ ಓಡಿಸಿ. ರೂಟ್ ಆಗಿ ಓಡಿಸಿದರೆ ವಿನಾಯಿತಿ ಸಿಕ್ಕಿ ಪರೀಕ್ಷೆಯೇ ನಡೆಯುವುದಿಲ್ಲ. 128 ಕೆಬಿಯ ಪ್ರತಿ ಸೆಂಡ್ ಕೂಡ ಸೋಲಬೇಕು, ಆದರೂ ಎದುರು ಬದಿಗೆ ದತ್ತಾಂಶ ಪೂರ್ತಿಯಾಗಿ, ಹ್ಯಾಶ್ ತಾಳೆಯಾಗುವಂತೆ ತಲುಪಬೇಕು. ಆಪ್ಟ್‌ಮೆಮ್ ದಾರಿಗೆ ಅದರ ಬೆಲೆಯನ್ನು 4096ಕ್ಕೆ ಇಳಿಸಿ, ಸೂಚನೆ ಓದುವುದನ್ನು ತಡಮಾಡಿ ನೋಡಿ.

ಕ್ಯೂಎಮು ಮತ್ತು ಐಓ-ಯೂರಿಂಗ್ ಬಳಸುವವರಿಗೆ

ವರ್ಚುವಲ್ ಯಂತ್ರ ಓಡಿಸುವ ಕ್ಯೂಎಮುವಿನ 7.1ರಿಂದ ಲೈವ್ ಮೈಗ್ರೇಶನ್‌ನಲ್ಲಿ (ಓಡುತ್ತಿರುವ ಯಂತ್ರವನ್ನು ಬೇರೆ ಹೋಸ್ಟ್‌ಗೆ ಸಾಗಿಸುವುದು), ಹಲವು ಸಂಪರ್ಕ ಬಳಸುವ ಮಲ್ಟಿಎಫ್‌ಡಿ ಜೊತೆಗೆ, ಜೀರೋ-ಕಾಪಿ-ಸೆಂಡ್ ಸಾಮರ್ಥ್ಯವಿದೆ. ಅಲ್ಲಿ ಇನೋಬಫ್ಸ್ ಬಂದರೆ 'ಪ್ರೋಸೆಸ್ ಸಾಕಷ್ಟು ಮೆಮೊರಿ ಲಾಕ್ ಮಾಡಲಾರದು' ಎಂಬ ಅರ್ಥದ ಸಂದೇಶ ಕೊಟ್ಟು ಮೈಗ್ರೇಶನ್ ನಿಲ್ಲುತ್ತಿತ್ತು. ಮೆಮ್‌ಲಾಕ್ ಸಾಕಷ್ಟಿದ್ದು ಆಪ್ಟ್‌ಮೆಮ್ ತುಂಬಿದಾಗಲೂ ಅದೇ ಸಂದೇಶ, ಆದ್ದರಿಂದ ಜನ ತಪ್ಪು ಮಿತಿಯನ್ನು ಏರಿಸುತ್ತಾ ಕೂರುತ್ತಿದ್ದರು. ಎರರ್ ಕ್ಯೂ ಓದಿ ಮತ್ತೆ ಪ್ರಯತ್ನಿಸುವ ತಿದ್ದುಪಡಿ ಆಮೇಲೆ ಸೇರಿತು. ಹಳೆಯ ಆವೃತ್ತಿಯಲ್ಲಿರುವವರು ಮೂಲ ಹೋಸ್ಟ್‌ನಲ್ಲಿ ಎರಡೂ ಮಿತಿಗಳನ್ನು ಏರಿಸಿಟ್ಟುಕೊಂಡು ಮೈಗ್ರೇಶನ್ ಶುರು ಮಾಡಬೇಕು.

ಐಓ-ಯೂರಿಂಗ್‌ನಲ್ಲಿ 6.0 ಕರ್ನಲ್‌ನಿಂದ ಸೆಂಡ್_ಜೆಡ್‌ಸಿ ಇದೆ. ಸೂಚನೆ ಎರರ್ ಕ್ಯೂ ಬದಲು ಎರಡನೆಯ ಸಿಕ್ಯೂಇ (ಕೆಲಸ ಮುಗಿದ ದಾಖಲೆ) ಆಗಿ ಬರುತ್ತದೆ: ಮೊದಲನೆಯದರಲ್ಲಿ 'ಮೋರ್' ಗುರುತು ಇದ್ದರೆ ಮಾತ್ರ 'ನೋಟಿಫ್' ಗುರುತಿನ ಎರಡನೆಯದಕ್ಕೆ ಕಾಯಿರಿ, ಬಫರ್ ಬಿಡುವುದು ಅದು ಬಂದ ಮೇಲೆ. ಬಫರ್‌ಗಳನ್ನು ಮೊದಲೇ ನೋಂದಾಯಿಸಿದರೆ ಮೆಮ್‌ಲಾಕ್ ಲೆಕ್ಕ ಆಗಲೇ ಒಂದು ಸಲ ಬೀಳುತ್ತದೆ, ಮಿತಿ ಸಾಲದಿದ್ದರೆ ಇನೋಮೆಮ್, ಅಂದರೆ ದೋಷ 12, ನೋಂದಣಿಯಲ್ಲೇ ಬರುತ್ತದೆ. ಹೊರೆ ಬಿದ್ದ ನಡುರಾತ್ರಿ ಕಾಣಿಸಿಕೊಳ್ಳುವ ಬದಲು ಸೇವೆ ಏಳುವಾಗಲೇ ಕಾಣುವ ದೋಷ ಎಷ್ಟೋ ಮೇಲು. ಹೊಸದಾಗಿ ಬರೆಯುವವರಾದರೆ, ಕರ್ನಲ್ 6.0ಕ್ಕಿಂತ ಮೇಲಿದ್ದು ಕಂಟೇನರ್ ನೀತಿ ಐಓ-ಯೂರಿಂಗ್ ಅನ್ನು ತಡೆಯದಿದ್ದರೆ, ನೋಂದಾಯಿತ ಬಫರ್‌ಗಳ ದಾರಿಯನ್ನೇ ಹಿಡಿಯಿರಿ. ಫೈಲ್ ಅನ್ನು ಹಾಗೆಯೇ ಕಳುಹಿಸುವುದಷ್ಟೇ ಕೆಲಸವಾದರೆ ಸೆಂಡ್‌ಫೈಲ್ ಸಾಕು, ಅದಕ್ಕೆ ಈ ಎರಡು ಮಿತಿಗಳೂ ಅಡ್ಡ ಬರುವುದಿಲ್ಲ.